ನಾನು ಓದಿ ಹೇಳಿದ ಪುಟ

ನಮ್ಮ ಪತ್ರಿಕೋದ್ಯಮದ ತರಗತಿಯಲ್ಲಿ ಹನ್ನೊಂದು ಜನ ಇದ್ದೆವು. ಅದರಲ್ಲಿ ಏಳು ಜನ ಆಲೆಮನೆಯ ಬಗ್ಗೆಯೇ ಬರೆದು ತಂದಿದ್ದರು. ಮಂಡ್ಯ ಸೀಮೆಯ ಮಕ್ಕಳಿಗೆ "ನಿಮ್ಮ ಸುತ್ತಲಿನ ಬದುಕಿನ ಬಗ್ಗೆ ಬರೆಯಿರಿ" ಅಂದರೆ ಇನ್ನೇನು ಹೊಳೆಯಬೇಕು? ಕಬ್ಬು, ಗಾಣ, ಕೊಪ್ಪರಿಗೆ, ಬಿಸಿ ಬೆಲ್ಲ. ನಮಗೆ ಪಾಠ ಮಾಡುತ್ತಿದ್ದ ಮೇಡಂ ಹಾಳೆಗಳನ್ನು ಒಂದೊಂದಾಗಿ ತಿರುವಿ ಹಾಕಿ, "ಬೆಲ್ಲ ಸಾಕು ಕಣ್ರೋ, ನನಗೆ ಸಕ್ಕರೆ ಕಾಯಿಲೆ ಬರಿಸಬೇಡಿ" ಅಂದರು. ನನ್ನ ಹಾಳೆಯೂ ಆ ಏಳರಲ್ಲಿ ಒಂದಾಗಿತ್ತು. ಬೂಕನಕೆರೆಯ ಹತ್ತಿರದ ನಮ್ಮ ಊರಿನ ಆಲೆಮನೆಯನ್ನೇ ನಾನು ಎರಡು ಪುಟ ಹೊಗಳಿದ್ದೆ.

ಕಾಲೇಜಿದ್ದದ್ದು ಶ್ರೀರಂಗಪಟ್ಟಣದಲ್ಲಿ. ವರ್ಷಕ್ಕೆ ಎರಡು ಸಲ ನಾವೇ ವರದಿ ಮಾಡಿ, ನಾವೇ ತಿದ್ದಿ, ಎಂಟು ಪುಟದ ಪ್ರಾಯೋಗಿಕ ಪತ್ರಿಕೆ ತರಬೇಕಿತ್ತು. ಪಾಂಡವಪುರದ ಒಂದು ಮುದ್ರಣಾಲಯದಲ್ಲಿ ಅದು ಅಚ್ಚಾಗುತ್ತಿತ್ತು. ಮೊಬೈಲಿನಲ್ಲಿ ಜಗತ್ತೇ ಓಡಾಡುವ ಈ ಕಾಲದಲ್ಲಿ ಆ ಎಂಟು ಪುಟವನ್ನು ಯಾರು ಓದುತ್ತಾರೆ ಎಂದು ನಾವೇ ನಗುತ್ತಿದ್ದೆವು. ಮೇಡಂ ಮಾತ್ರ ನಗುತ್ತಿರಲಿಲ್ಲ. ಅವರದೊಂದು ಕಟ್ಟುನಿಟ್ಟಿನ ನಿಯಮವಿತ್ತು. ಯಾರ ಬಗ್ಗೆ ಬರೆದಿದ್ದೇವೋ ಅವರ ಮನೆಗೆ ನಾವೇ ಹೋಗಿ ಪ್ರತಿ ಕೊಡಬೇಕು. ಓದಲು ಬಾರದವರಾದರೆ ಪಕ್ಕದಲ್ಲಿ ಕೂತು ಓದಿ ಹೇಳಬೇಕು. "ಬೆನ್ನ ಹಿಂದೆ ಹೇಳೋದು ಚಾಡಿ. ಎದುರಿಗೆ ಕೂತು ಓದಿ ಹೇಳೋಕೆ ಆದರೆ ಅದು ವರದಿ" ಅನ್ನುತ್ತಿದ್ದರು. ಆ ಮಾತನ್ನು ನಾನು ನೋಟ್‌ಬುಕ್ಕಿನ ರಟ್ಟಿನ ಮೇಲೆ ಕೆಂಪು ಇಂಕಿನಲ್ಲಿ ಬರೆದುಕೊಂಡಿದ್ದೆ. ಈಗಲೂ ಅದು ಒಳ್ಳೆಯ ನಿಯಮ ಎಂದೇ ನಂಬಿದ್ದೇನೆ, ನಂಬಿಯೂ ಆ ನೋಟ್‌ಬುಕ್ಕನ್ನು ಮಗುಚಿ ಇಟ್ಟಿದ್ದೇನೆ.

ಬೆಲ್ಲ ಬಿಟ್ಟು ಬೇರೇನು ಬರೆಯಲಿ ಎಂದು ಯೋಚಿಸುವಾಗ ನೆನಪಾದದ್ದು ಹೊಳೆದಂಡೆಯ ಪುರೋಹಿತರು. ನಾನು ಚಿಕ್ಕವಳಿದ್ದಾಗ ನಮ್ಮ ತಾತನ ಅಸ್ಥಿ ಬಿಡಲು ಮನೆಮಂದಿಯೆಲ್ಲ ಟೆಂಪೋದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದಿದ್ದೆವು. ಸ್ನಾನಘಟ್ಟದ ಮೆಟ್ಟಿಲ ಮೇಲೆ ಕೂತು ಕರ್ಮ ಮಾಡಿಸಿದ ಪುರೋಹಿತರು ಎತ್ತರದ, ಗಟ್ಟಿ ದನಿಯ ಮನುಷ್ಯ. ಅಪ್ಪ ಅಳು ತಡೆಯಲಾರದೆ ಕೂತಿದ್ದಾಗ ಅವರು ಮಂತ್ರ ನಿಲ್ಲಿಸಿ, ಅಪ್ಪ ಅತ್ತು ಮುಗಿಸುವ ತನಕ ಸುಮ್ಮನೆ ಹೊಳೆ ನೋಡುತ್ತ ಕಾದಿದ್ದರು. ಆ ಕಾದದ್ದು ನನಗೆ ನೆನಪಿತ್ತು. ಹುಡುಕಿಕೊಂಡು ಹೋದರೆ ಅದೇ ಮೆಟ್ಟಿಲ ಮೇಲೆ, ಅದೇ ಜಾಗದಲ್ಲಿ ಅವರು ಕೂತಿದ್ದರು. ಮೈ ಸೊರಗಿತ್ತು, ಎಡಗೈ ಸ್ವಲ್ಪ ಸೆಟೆದುಕೊಂಡಿತ್ತು. ದನಿ ಮಾತ್ರ ಹಾಗೇ ಇತ್ತು.

ಅವರ ಹಿಂದೆ, ಎರಡು ಮೆಟ್ಟಿಲ ಮೇಲೆ ಅವರ ಹೆಂಡತಿ ಕೂರುತ್ತಿದ್ದರು. ಮನೆಯಿಂದ ಅನ್ನ ಮಾಡಿ ತಂದು, ಎಳ್ಳು ಬೆರೆಸಿ, ಪಿಂಡ ಕಟ್ಟಿ ಬಾಳೆಲೆಯ ಮೇಲೆ ಇಡುವುದು ಅವರ ಕೆಲಸ. ನಾನು ನಾಲ್ಕು ದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು ಆಕೆಯ ಪಕ್ಕ ಕೂತೆ. ಫೋಟೋ ತೆಗೆಯಲು ನಾಗಮಂಗಲದ ನನ್ನ ಗೆಳತಿ ಬರುತ್ತಿದ್ದಳು. ಬೆಳ್ಳೂರು ಕ್ರಾಸಿನ ಹೋಟೆಲಿನವರ ಬಗ್ಗೆ ಬರೆದು ಅವಳ ಪಾಲಿನ ಪುಟ ಆಗಲೇ ಮುಗಿದಿತ್ತು. "ಇನ್ನೂ ಏನ್ ಬರ್ಕೋತೀಯಮ್ಮಿ? ನಾಕ್ ಫೋಟೋ ತಕ್ಕಂಡಾಯ್ತು, ಎದ್ದೇಳು" ಅಂತ ಅವಳು ಪೀಡಿಸುತ್ತಿದ್ದಳು. ನಾನು ಏಳಲಿಲ್ಲ. ಅಲ್ಲೇನೋ ಇದೆ ಎಂದು ಮೂಗಿಗೆ ಬಡಿದಿತ್ತು.

ಮೂರನೆಯ ದಿನ ಅದು ಕಿವಿಗೆ ಬಿತ್ತು. ಬನ್ನೂರು ಕಡೆಯ ರೈತರೊಬ್ಬರು ಒದ್ದೆ ಪಂಚೆಯಲ್ಲಿ ಕೂತಿದ್ದರು. ಪುರೋಹಿತರು ಮೂರು ತಲೆಮಾರಿನ ಹಿರಿಯರನ್ನು ಕರೆಯುತ್ತ ಬಂದರು. ಪಿತೃ ಆಯಿತು, ಪಿತಾಮಹ ಆಯಿತು. ಅಲ್ಲಿ ದನಿ ಒಂದು ಕ್ಷಣ ನಿಂತಿತು. ನನ್ನ ಪಕ್ಕದಲ್ಲಿ ಪಿಂಡ ಕಟ್ಟುತ್ತಿದ್ದ ಆಕೆ, ತಲೆಯನ್ನೂ ಎತ್ತದೆ, ತಮ್ಮಷ್ಟಕ್ಕೆ ಜಪ ಮಾಡುವವರಂತೆ "ಪ್ರಪಿತಾಮಹ" ಅಂದರು. ಮುಂದಿನ ಕ್ಷಣವೇ ಆ ಪದ ಪುರೋಹಿತರ ಗಟ್ಟಿ ದನಿಯಲ್ಲಿ ಹೊಳೆಯ ಮೇಲೆ ಹೋಯಿತು, ಮಂತ್ರ ಮುಂದೆ ಸಾಗಿತು. ಆಮೇಲೆ ನಾನು ಎಣಿಸುತ್ತ ಕೂತೆ. ಒಂದು ಕರ್ಮ ಮುಗಿಯುವುದರಲ್ಲಿ ಆಕೆ ಏಳೆಂಟು ಸಲ ಹಾಗೆ ಪದ ಎತ್ತಿಕೊಟ್ಟರು.

ನಾನು ಕೇಳಿಸಿಕೊಂಡದ್ದು ಆಕೆಗೆ ಗೊತ್ತಾಯಿತು. ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಮೆಲ್ಲಗೆ ಹೇಳಿದರು: "ಮೂರು ವರ್ಷದ ಹಿಂದೆ ಲಕ್ವ ಹೊಡೀತಮ್ಮ. ಕೈಕಾಲು ಸರಿಹೋಯ್ತು, ಮಾತೂ ಬಂತು. ಮಂತ್ರ ಮಾತ್ರ ದಿನಾ ಅಲ್ಲಲ್ಲಿ ಕೈಕೊಡುತ್ತೆ. ನನಗೇನು ಯಾರೂ ಪಾಠ ಹೇಳಿಕೊಟ್ಟಿಲ್ಲ. ಮೂವತ್ತು ವರ್ಷ ಇವರ ಹಿಂದೆ ಕೂತು ಅನ್ನ ಕಲಸಿದೀನಿ, ಕಿವಿಗೆ ಬೀಳದೆ ಇರುತ್ತಾ?" ಅನ್ನದ ಪಾತ್ರೆ ಮುಚ್ಚಿಟ್ಟು, "ಮನೇಲಿ ಮಂಕಾಗಿ ಕೂತಿರ್ತಾರೆ. ಊಟಕ್ಕೂ ಎರಡು ಸಲ ಕರೀಬೇಕು. ಈ ಮೆಟ್ಟಿಲ ಮೇಲೆ ಕೂತರೆ ನೋಡು, ಮನುಷ್ಯನಾಗ್ತಾರೆ. ಅದೊಂದು ಉಳೀಲಿ ಅಂತ" ಅಂದರು.

ನನ್ನ ಎದೆ ಕುಣಿಯಿತು. ಅದನ್ನು ಮುಚ್ಚಿಡಬಾರದು, ಹೇಳಿಯೇ ಬಿಡುತ್ತೇನೆ. ಆ ಹೆಂಗಸಿನ ಕಷ್ಟಕ್ಕೆ ಮರುಗುವ ಮೊದಲು ನಾನು ನನ್ನ ಅದೃಷ್ಟಕ್ಕೆ ಹಿಗ್ಗಿದೆ. ಆಲೆಮನೆಯ ಉಳಿದ ಆರು ಜನರ ಮುಂದೆ ಎಂಥ ಸುದ್ದಿ ಸಿಕ್ಕಿತು ಅಂದುಕೊಂಡೆ.

ಆದರೂ ನಿಯಮ ಮರೆಯಲಿಲ್ಲ. "ಇದನ್ನ ಬರೀಲಾಮ್ಮ?" ಎಂದು ಕೇಳಿದೆ. ಆಕೆ ನಕ್ಕರು. "ಬರೀ. ಈ ಘಟ್ಟದ ಮೇಲೆ ಎಲ್ಲರಿಗೂ ಗೊತ್ತಿರೋದೇ. ಇವರಿಗಂತೂ ಈಗ ಓದೋಕಾಗಲ್ಲ, ಅಕ್ಷರ ಕದಡುತ್ತೆ ಅಂತಾರೆ." ಮತ್ತೆ, "ಇವರ ಹತ್ತಿರ ಏನೂ ಕೇಳಕ್ಕೆ ಹೋಗಬೇಡಮ್ಮ, ಸುಸ್ತಾಗಿಬಿಡ್ತಾರೆ" ಅಂದರು. ಈ ಎರಡು ಮಾತನ್ನೂ ನಾನು ಒಂದಕ್ಷರ ಬಿಡದೆ ಬರೆದುಕೊಂಡೆ. ನೋಟ್‌ಬುಕ್ಕಿನಲ್ಲಿ 'ಕಾಯಿಲೆಯ ವಿವರ' ಅಂತ ಬದಿಗೆ ಗೀಟೆಳೆದು, ಅದರ ಕೆಳಗೆ. ಬರೆದುಕೊಂಡೆ, ಕೇಳಿಸಿಕೊಳ್ಳಲಿಲ್ಲ.

ವರದಿಗೆ 'ಬೆನ್ನ ಹಿಂದಿನ ದನಿ' ಎಂದು ತಲೆಬರಹ ಕೊಟ್ಟೆ. ಮೇಡಂ ಓದಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಒಂದು ಸಾಲಿನ ಕೆಳಗೆ ಎರಡು ಗೆರೆ ಹಾಕಿ, "ಇದು ಬರವಣಿಗೆ" ಅಂದರು. ಆ ಸಾಲು ಹೀಗಿತ್ತು: 'ಮಂತ್ರ ಹೇಳುವುದು ಅವರು, ಆದರೆ ಮಂತ್ರ ಉಳಿದಿರುವುದು ಆಕೆಯ ಬಳಿ.' ಒಂದು ವಾರ ನಾನು ಆ ಸಾಲನ್ನು ಬಾಯಲ್ಲಿ ಚಪ್ಪರಿಸುತ್ತ ಓಡಾಡಿದೆ. ನಾಲ್ಕನೆಯ ಪುಟ ಪೂರ್ತಿ ನನ್ನದೇ ಆಯಿತು.

ಪತ್ರಿಕೆ ಬಂದ ದಿನ ಮಧ್ಯಾಹ್ನ ಗೆಳತಿ ಕರೀಘಟ್ಟದ ಬೆಟ್ಟಕ್ಕೆ ಹೋಗೋಣ ಎಂದು ಕರೆದಳು. ಪ್ರತಿ ಕೊಡುವ ಕೆಲಸವಿದೆ ಎಂದೆ. "ನಾಳೀಕ್ ಕೊಟ್ರಾಯ್ತದೆ ಬುಡು" ಅಂದಳು. ನಾಳೆಗೆ ಬಿಟ್ಟಿದ್ದರೆ ಬಾಗಿಲಲ್ಲಿ ಆಕೆಯೇ ಸಿಗುತ್ತಿದ್ದರೇನೋ. ನನಗೆ ತಡೆಯಲಾಗಲಿಲ್ಲ. ಆಕೆಯ ಮುಖ ಅರಳುವುದನ್ನು ಅವತ್ತೇ ನೋಡಬೇಕಿತ್ತು.

ಕೋಟೆಯೊಳಗಿನ ಒಂದು ಸಂದಿಯಲ್ಲಿ ಅವರ ಮನೆ. ಜಗಲಿಯ ಮೇಲೆ ಪುರೋಹಿತರೊಬ್ಬರೇ ಚಾಪೆ ಹಾಸಿಕೊಂಡು ಕೂತಿದ್ದರು. "ಅವಳು ಹಿಟ್ಟಿನ ಮಿಲ್ಲಿಗೆ ಹೋಗಿದಾಳೆ. ಈಗ ಬರ್ತಾಳೆ, ಕೂತ್ಕೊ" ಅಂದರು. ನಾನು ಯಾರೆಂದು ಗೊತ್ತಿತ್ತು. ಅವರ ಬೆನ್ನ ಹಿಂದೆ ನಾಲ್ಕು ದಿನ ಕೂತ ಹುಡುಗಿಯಲ್ಲವೇ. ಕೈಯಲ್ಲಿದ್ದ ಪತ್ರಿಕೆ ನೋಡಿ, "ಬಂತಾ? ನಮ್ಮ ಫೋಟೋ ಇದೆಯಾ?" ಎಂದು ಮಗುವಿನ ಹಾಗೆ ಕೈ ಚಾಚಿದರು. ಪುಟ ಬಿಡಿಸಿ ತೋರಿಸಿದೆ. ಫೋಟೋ ನೋಡಿ ತೃಪ್ತಿಯಿಂದ ತಲೆಯಾಡಿಸಿದರು. ಅಕ್ಷರಗಳ ಮೇಲೆ ಬೆರಳಾಡಿಸಿ, "ಇದೆಲ್ಲ ನನಗೆ ಈಗ ಇರುವೆ ಹರಿದ ಹಾಗೆ ಕಾಣುತ್ತೆ. ನೀನೇ ಓದು, ಕೇಳೋಣ" ಅಂದರು.

ನಾನು ಕಾಯಬಹುದಿತ್ತು. ಮಿಲ್ಲು ಎಷ್ಟು ದೂರ, ಎರಡು ಬೀದಿ. ಆದರೆ ನಾಲ್ಕೂವರೆಗೆ ಕೆ.ಆರ್. ಪೇಟೆಯ ಬಸ್ಸಿತ್ತು, ಅದು ತಪ್ಪಿದರೆ ಊರಿನ ಕಡೆಗೆ ಆಟೋ ಸಿಗುತ್ತಿರಲಿಲ್ಲ. ಅಲ್ಲದೆ ಓದಲಾಗದವರಿಗೆ ಓದಿ ಹೇಳಬೇಕು ಎಂಬುದು ನಿಯಮವೇ ಆಗಿತ್ತಲ್ಲ. ಜಗಲಿಯ ಅಂಚಿನಲ್ಲಿ ಕೂತು, ಗಂಟಲು ಸರಿಮಾಡಿಕೊಂಡು, ರೇಡಿಯೋದವರ ಹಾಗೆ ಏರಿಳಿತ ಕೊಟ್ಟು ಓದಲು ಶುರು ಮಾಡಿದೆ.

ಮೊದಲು ಹೊಳೆಯ ವರ್ಣನೆ ಇತ್ತು, ಮೆಟ್ಟಿಲುಗಳು, ಬೆಳಗಿನ ಮಂಜು. ಅವರು ಬಲಗೈಯನ್ನು ತೊಡೆಯ ಮೇಲೆ ತಟ್ಟುತ್ತ, ತಾಳ ಹಾಕುವವರಂತೆ ಕೇಳುತ್ತಿದ್ದರು. ಅವರ ತಂದೆಯೂ ಅದೇ ಮೆಟ್ಟಿಲ ಮೇಲೆ ಕೂರುತ್ತಿದ್ದರು ಎಂಬ ಮಾತಿಗೆ "ಹೌದು, ಹೌದು" ಅಂದರು. ನಮ್ಮ ಅಪ್ಪ ಅತ್ತಾಗ ಅವರು ಕಾದದ್ದನ್ನು ಬರೆದಿದ್ದೆ. ಅದಕ್ಕೆ ನಾಚಿಕೊಂಡು ಬೀದಿ ಕಡೆ ನೋಡಿದರು. ಆಮೇಲೆ ಲಕ್ವ ಬಂತು. ಆಮೇಲೆ ಮೂರನೆಯ ದಿನ ನಾನು ಕೇಳಿದ ಪದ ಬಂತು. ತಲೆ ಎತ್ತದೆ ಓದುತ್ತಲೇ ಹೋದೆ. ಏಳೆಂಟು ಸಲ ಎತ್ತಿಕೊಟ್ಟದ್ದು ಬಂತು. ನನ್ನ ಆ ಚೆಂದದ ಸಾಲು ಬಂತು. ಅದನ್ನು ಸ್ವಲ್ಪ ನಿಧಾನವಾಗಿ, ಒತ್ತು ಕೊಟ್ಟು ಓದಿದೆ.

ತೊಡೆಯ ಮೇಲಿನ ತಾಳ ಯಾವಾಗ ನಿಂತಿತೋ ಗೊತ್ತಿಲ್ಲ. ಓದು ಮುಗಿಸಿ ನೋಡಿದಾಗ ಕೈ ನಿಂತಿತ್ತು.

"ಎಷ್ಟು ದಿನದಿಂದ ಅಂತ ಬರೆದಿಲ್ಲವಲ್ಲ" ಅಂದರು.

ಜಾಗ ಸಾಲದೆ ಆ ವಿವರ ಬಿಟ್ಟುಹೋಗಿತ್ತು. ತಪ್ಪು ಕಂಡುಹಿಡಿದರಲ್ಲ ಎಂದು ನನಗೆ ಮೆಚ್ಚಿಗೆಯಾಯಿತು. ಬ್ಯಾಗಿನಿಂದ ನೋಟ್‌ಬುಕ್ಕು ತೆಗೆದು, ಹಾಳೆ ತಿರುವಿ, ಒಳ್ಳೆಯ ವಿದ್ಯಾರ್ಥಿನಿಯ ಹಾಗೆ ಉತ್ತರ ಕೊಟ್ಟೆ: "ಮೂರು ವರ್ಷದಿಂದ."

"ದಿನಾನಾ?"

"ದಿನಾ ಅಂದಿದ್ರು."

ಅವರು ತುಸು ಹೊತ್ತು ಹೊಸ್ತಿಲ ಕಡೆ ನೋಡಿದರು. ಆಮೇಲೆ "ಚೆನ್ನಾಗಿ ಓದ್ತೀಯ ಮಗು. ಅದನ್ನ ಕಿಟಕೀಲಿಟ್ಟು ಹೋಗು" ಅಂದರು. ಪತ್ರಿಕೆ ಕಿಟಕಿಯಲ್ಲಿಟ್ಟು, ಕೈಮುಗಿದು, ಬಸ್ಸಿಗೆ ಓಡಿದೆ. ಸೀಟು ಸಿಕ್ಕಿತು. ಪಾಂಡವಪುರ ದಾಟುವ ತನಕ ಆ ಹೊಗಳಿಕೆಯನ್ನು ಮತ್ತೆ ಮತ್ತೆ ನೆನೆದು ಖುಷಿಪಟ್ಟೆ. ಅವರು ಬರವಣಿಗೆ ಚೆನ್ನಾಗಿದೆ ಅನ್ನಲಿಲ್ಲ, ಓದು ಚೆನ್ನಾಗಿದೆ ಅಂದರು ಎಂಬುದು ಕೂಡ ಆಗ ಹೊಳೆಯಲಿಲ್ಲ.

ಎರಡು ವಾರದ ಮೇಲೆ ಬೇರೊಂದು ಕೆಲಸಕ್ಕೆ ಘಟ್ಟದ ಕಡೆ ಹೋದಾಗ ಆ ಮೆಟ್ಟಿಲು ಖಾಲಿಯಿತ್ತು. ಪಕ್ಕದ ಮೆಟ್ಟಿಲಲ್ಲಿ ಕೂರುವ ಇನ್ನೊಬ್ಬ ಪುರೋಹಿತರನ್ನು ಕೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಪೇಪರಿನವಳು ನೀನೇ ಅಲ್ವಾ?" ಅಂದರು. ನಾನು ಓದಿ ಹೇಳಿದ ಮಾರನೆಯ ದಿನ ಬೆಳಿಗ್ಗೆ ನಮ್ಮ ಪುರೋಹಿತರು ಎಂದಿನಂತೆ ಬಂದರಂತೆ. ಒದ್ದೆ ಪಂಚೆಯಲ್ಲಿ ಒಬ್ಬರು ಕರ್ಮಕ್ಕೆ ಕೂತಿದ್ದರಂತೆ. ಅದೇ ಜಾಗದಲ್ಲಿ, ಮೂರನೆಯ ಹಿರಿಯರ ಹತ್ತಿರ, ಮಂತ್ರ ನಿಂತಿತಂತೆ. ಹಿಂದಿನಿಂದ ಆಕೆ ಪದ ಎತ್ತಿಕೊಟ್ಟರು. ಅವರು ಅದನ್ನು ತೆಗೆದುಕೊಳ್ಳಲಿಲ್ಲ. ತಿರುಗಿ ಹೆಂಡತಿಯ ಮುಖ ನೋಡಿದರು. ಆಕೆ ಮತ್ತೊಮ್ಮೆ ಹೇಳಿದರು. ಅವರು ನೋಡುತ್ತಲೇ ಇದ್ದರು. ಆಮೇಲೆ ಎದ್ದು, ಉತ್ತರೀಯ ಹೊದ್ದುಕೊಂಡು, ಮನೆಗೆ ನಡೆದರು.

"ಉಳಿದದ್ದು ನಾನು ಮಾಡಿಸಿದೆ. ಅವತ್ತಿಂದ ಈ ಕಡೆ ಬಂದಿಲ್ಲ ಅವರು" ಅಂದರು.

"ಎಲ್ಲರಿಗೂ ಗೊತ್ತಿರೋದೇ ಅಂದಿದ್ರು ಅಮ್ಮನವರು" ಎಂದು ನಾನು ತೊದಲಿದೆ.

"ಎಲ್ಲರಿಗೂ ಗೊತ್ತಿತ್ತಮ್ಮ. ನಮಗೆಲ್ಲ ಗೊತ್ತಿತ್ತು. ಗೊತ್ತಿಲ್ಲದೆ ಇದ್ದಿದ್ದು ಅವರೊಬ್ಬರಿಗೇ. ಮರೆತದ್ದು ತಾನಾಗೇ ನೆನಪಾಗುತ್ತೆ ಅಂತಲೇ ಅವರು ತಿಳಿದುಕೊಂಡಿದ್ದು."

ಸೀದಾ ಅವರ ಮನೆಗೆ ಹೋದೆ. ಆಕೆ ಒಳಗೆ ಮೊರದಲ್ಲಿ ಅಕ್ಕಿ ಕೇರುತ್ತಿದ್ದರು. ಬೇರೆ ಪುರೋಹಿತರಿಗೆ ಪಿಂಡದ ಅನ್ನ ಮಾಡಿಕೊಡುವ ಕೆಲಸ ಹಿಡಿದಿದ್ದರು. ನಾನು ಬಾಗಿಲಲ್ಲಿ ನಿಂತೇ ಎಲ್ಲ ಹೇಳಿದೆ, ನಾನೇ ಓದಿ ಹೇಳಿದ್ದು ಅಂತ. ಗಂಡನಿಗೆ ಯಾರು ಹೇಳಿದರು ಎಂಬುದೇ ಅಲ್ಲಿಯವರೆಗೆ ಆಕೆಗೆ ತಿಳಿದಿರಲಿಲ್ಲ. ಮಿಲ್ಲಿನಿಂದ ಬಂದಾಗ ಪತ್ರಿಕೆ ಕಿಟಕಿಯಲ್ಲಿತ್ತು, ಗಂಡ ಮಾತಾಡದೆ ಕೂತಿದ್ದರು, ಅಷ್ಟೆ.

"ಪೂರ್ತಿ ಓದಿದೆಯಾ?" ಅಂದರು.

"ಪೂರ್ತಿ."

ಮೊರ ಕೆಳಗಿಟ್ಟರು. ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. "ನಿನ್ನ ತಪ್ಪಲ್ಲ. ನಾನು ಬಿಡಿಸಿ ಹೇಳಬೇಕಿತ್ತು" ಅಂದರು. ನಾನು ಅಳತೊಡಗಿದೆ. ಆಕೆ ತಮ್ಮ ಸೆರಗಿನಿಂದ ನನ್ನ ಕಣ್ಣೊರೆಸಿದರು. ಎಂಥ ನಾಚಿಕೆಗೇಡು, ಅಲ್ಲಿ ಅಳಬೇಕಾದವರು ಅವರು, ಸಮಾಧಾನ ಮಾಡಿಸಿಕೊಂಡು ಬಂದವಳು ನಾನು. ಹೊರಡುವಾಗ ಒಂದೇ ಒಂದು ಮಾತು ಹೇಳಿದರು. "ಈಗ ಮನೇಲಿ ನಾನು ಬಾಯೇ ಬಿಡಲ್ಲ ಮಗು. ನೀರು ಬೇಕಾ ಅಂತ ನಾನು ಕೇಳಿಬಿಟ್ಟರೆ, ತನಗೇ ಬಾಯಾರಿತೋ ನಾನು ಹೇಳಿದ್ದಕ್ಕೆ ಹಾಗನ್ನಿಸಿತೋ ಅಂತ ಅನುಮಾನ ಪಡ್ತಾರೆ. ಅವರೇ ಕೇಳೋತನಕ ಕಾಯ್ತೀನಿ."

ಮೇಡಂ ಬಳಿ ಹೇಳಿಕೊಂಡೆ. ಅವರು "ಅನುಮತಿ ಕೇಳಿದ್ದೀಯ. ಇದ್ದದ್ದನ್ನೇ ಬರೆದಿದ್ದೀಯ. ಪ್ರತಿ ತಲುಪಿಸಿದ್ದೀಯ. ಎಲ್ಲೂ ತಪ್ಪಿಲ್ಲ" ಅಂದರು. ಅವರು ಹೇಳಿದ್ದು ನಿಜ. ನಿಯಮದ ಪ್ರಕಾರ ನಾನು ಎಲ್ಲೂ ತಪ್ಪಿರಲಿಲ್ಲ. ಒಂದಾದರೂ ನಿಯಮ ಮುರಿದಿದ್ದರೆ, ಇದಕ್ಕೇ ಹೀಗಾಯಿತು ಎಂದು ಅದರ ಮೇಲೆ ಹೊರೆ ಹಾಕಿ ನಿದ್ದೆ ಮಾಡುತ್ತಿದ್ದೆನೇನೋ. ಆ ವರ್ಷ ಆಂತರಿಕ ಪರೀಕ್ಷೆಯಲ್ಲಿ ನನ್ನ ವರದಿಗೆ ಪೂರ್ತಿ ಅಂಕ ಬಂತು. ಬೇಡ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ.

ಈಗ ಒಂದು ಪತ್ರಿಕಾ ಕಚೇರಿಯಲ್ಲಿ ಪುಟ ಕಟ್ಟುವ ಕೆಲಸ ಮಾಡುತ್ತೇನೆ. ವರದಿಗೆ ಹೋಗು ಅಂದರೆ ಏನಾದರೂ ನೆಪ ಹೇಳುತ್ತೇನೆ. ಬೇರೆಯವರು ಬರೆದದ್ದನ್ನು ಅಳತೆಗೆ ಕತ್ತರಿಸಿ ಕೂರಿಸುವುದು ಸುಲಭ, ಅದನ್ನು ಯಾರ ಜಗಲಿಗೂ ಹೊತ್ತುಕೊಂಡು ಹೋಗಬೇಕಿಲ್ಲ.

ಕಳೆದ ವರ್ಷ ನಮ್ಮ ಅಜ್ಜಿ ತೀರಿಕೊಂಡರು. ಅಪ್ಪ ಒಂದೇ ಹಟ ಹಿಡಿದರು. "ತಾತನ್ನ ಬುಟ್ಟ ಕಡೇಲೇ ಅವ್ವನ್ನೂ ಬುಡಾನ. ಆ ಅಯ್ನೋರೇ ಆಗ್ಬೇಕು ಕಣವ್ವ. ನಾನ್ ಅಳ್ತಾ ಕುಂತ್ರೆ ಸುಮ್ಕೆ ಕಾಯ್ಕಂಡ್ ಕುಂತಿದ್ರು, ಅಂತ ಮನ್ಸ." ಅಪ್ಪನಿಗೆ ನಾನು ಏನನ್ನೂ ಹೇಳಿರಲಿಲ್ಲ. ನಾಲ್ಕನೆಯ ಪುಟವನ್ನು ಮನೆಯಲ್ಲಿ ಫ್ರೇಮು ಹಾಕಿಸಬೇಕು ಎಂದು ಅವರು ಆಸೆಪಟ್ಟಾಗ, ಪ್ರತಿ ಕಳೆದುಹೋಯಿತು ಎಂದಿದ್ದೆ.

ಘಟ್ಟದಲ್ಲಿ ಅಪ್ಪ ಅವರನ್ನು ಹುಡುಕಿದರು. ಪಕ್ಕದ ಮೆಟ್ಟಿಲಿನ ಪುರೋಹಿತರು ನನ್ನನ್ನು ಗುರುತಿಸಿದರು. ಅಪ್ಪನ ಕಡೆ ತಿರುಗಿ, "ಅವರು ಈಗ ಬರೋದಿಲ್ಲ, ನಾನು ಮಾಡಿಸ್ತೀನಿ" ಅಂದರು, ಅಷ್ಟೆ. ಅಪ್ಪ ಮನಸ್ಸಿಲ್ಲದ ಮನಸ್ಸಿನಿಂದ ಮುಳುಗೆದ್ದು ಬಂದು ಕೂತರು. ಇನ್ನೊಂದು ಕಡೆಯಿಂದ ಪಾತ್ರೆ ಹಿಡಿದುಕೊಂಡು ಆಕೆ ಬಂದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನ ಕಡೆ ನೋಡಿ ಸಣ್ಣಗೆ ನಕ್ಕು, ಎರಡು ಮೆಟ್ಟಿಲ ಮೇಲೆ, ಹಳೆಯ ಜಾಗದಲ್ಲೇ ಕೂತು, ಅನ್ನಕ್ಕೆ ಎಳ್ಳು ಬೆರೆಸತೊಡಗಿದರು. ನಾನು ಅವರ ಪಕ್ಕ ಕೂರಲಾರದೆ ಗೋಡೆಗೆ ಒರಗಿ ನಿಂತೆ.

ಈ ಪುರೋಹಿತರಿಗೆ ಎಲ್ಲವೂ ಬಾಯಿಪಾಠ. ಮಂತ್ರ ಎಲ್ಲೂ ತಡೆಯದೆ ಹರಿಯುತ್ತಿತ್ತು. ಅಜ್ಜಿಯದು ಮುಗಿಸಿ, ಅಪ್ಪನ ಕಡೆಯ ಹಿರಿಯರನ್ನು ಕರೆದರು. ಪಿತೃ, ಪಿತಾಮಹ. ಅವರು ಉಸಿರೆಳೆದುಕೊಂಡರು, ಅಷ್ಟೆ, ಮರೆತಿರಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಮೆಲ್ಲಗೆ ಕೇಳಿಸಿತು. "ಪ್ರಪಿತಾಮಹ."

ಪುರೋಹಿತರು ಒಂದು ಕ್ಷಣ ನಿಂತರು. ಆಮೇಲೆ ತಿರುಗಿ ನೋಡದೆ ಮುಂದೆ ಹೇಳಿಕೊಂಡು ಹೋದರು. ಆಕೆ ತಲೆ ತಗ್ಗಿಸಿ ಪಿಂಡ ಕಟ್ಟುತ್ತಲೇ ಇದ್ದರು. ಹೇಳಿದ್ದು ಅವರಿಗೇ ತಿಳಿದಿರಲಿಲ್ಲ ಎಂದು ಕಾಣುತ್ತದೆ. ಆ ಪದ ಯಾರಿಗಾಗಿ ಎಂದು ಅಲ್ಲಿ ನನಗೆ ಗೊತ್ತಿತ್ತು, ಪುರೋಹಿತರಿಗೆ ಗೊತ್ತಿತ್ತು. ಅದನ್ನು ಎತ್ತಿಕೊಳ್ಳಬೇಕಾದವರು ಎರಡು ಬೀದಿ ಆಚೆ, ಜಗಲಿಯ ಮೇಲೆ ಕೂತಿದ್ದರು.

ವಾಪಸು ಬರುವಾಗ ಟೆಂಪೋದಲ್ಲಿ ಅಪ್ಪ ಮತ್ತೆ ಅದನ್ನೇ ಎತ್ತಿದರು. "ಆ ಅಯ್ನೋರ್ಗೆ ಏನಾಯ್ತವ್ವ? ಏನಾರ ವಿಚಾರ್ಸಿದ್ಯಾ?"

"ವಯಸ್ಸಾಯ್ತು ಕಣಪ್ಪ" ಅಂದೆ.

ಅಪ್ಪ ನಂಬಿದರು. ಪತ್ರಿಕೆಯವಳು ಮಗಳು, ವಿಚಾರಿಸಿಯೇ ಹೇಳಿರುತ್ತಾಳೆ ಎಂದು ನಂಬಿದರು.